ಹರಿಗೋಲಿಗೆ ತಕ್ಕ ಎಲುಬು, ತಕ್ಕ ತೊಗಲು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಕೃತಘ್ನತೆಗೆ ಉದಾಹರಣೆಯಾಗಿ ನಾವು ತರಗತಿಯಲ್ಲಿ ಹೇಳುವುದುಂಟು. ಅಂಬಿಗನನ್ನೇ ಮರೆಯುವವರು ಅವನ ದೋಣಿಯನ್ನು ನೆನೆಯುವರೇ? ಆ ದೋಣಿ ಯಾವುದರಿಂದ ಆಗಿತ್ತು, ಅದನ್ನು ಕಟ್ಟಿದವರು ಯಾವ ಸಾಮಗ್ರಿಯನ್ನು ಆರಿಸಿಕೊಂಡರು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂದು ದಡ ಸೇರಿದ ಮೇಲೆ ಕೇಳುವವರು ಇನ್ನೂ ಕಡಿಮೆ. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಕೇಳಿದರು. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಕಲಿತದ್ದನ್ನು, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇವೆ.

ಡಿಸೆಂಬರ್ ತಿಂಗಳಲ್ಲಿ ನಾವು ಜೂಜುವಾಡಿಯಿಂದ ಹೊರಟು ಕೃಷ್ಣಗಿರಿ, ಧರ್ಮಪುರಿ, ಪೆನ್ನಾಗರಂ ಮಾರ್ಗವಾಗಿ ಹೊಗೇನಕಲ್ಲಿಗೆ ಪ್ರವಾಸ ಹೋಗಿದ್ದೆವು. ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿದ್ದರೂ ಆ ಊರಿನ ಹೆಸರು ಅಚ್ಚ ಕನ್ನಡ; ನೀರು ಬಂಡೆಗೆ ಬಡಿದು ಹೊಗೆಯಂತೆ ಏಳುವ ಕಲ್ಲು ಅದು. ಎದುರು ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆ. ನಡುವೆ ಕಾವೇರಿ. ಅಲ್ಲಿ ದಡದ ಮೇಲೆ ದೊಡ್ಡ ದೊಡ್ಡ ಕರಿಯ ಬುಟ್ಟಿಗಳನ್ನು ಕವುಚಿ ಹಾಕಿದ್ದರು. ಕನ್ನಡದಲ್ಲಿ ನಾವು ಅವನ್ನು ಹರಿಗೋಲು ಎನ್ನುತ್ತೇವೆ, ತೆಪ್ಪವೆಂದು ಕರೆಯುವವರೂ ಇದ್ದಾರೆ. ತಮಿಳಿನಲ್ಲಿ ಪರಿಸಲ್ ಎನ್ನುತ್ತಾರೆ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಎಂದು ವ್ಯಾಕರಣ ಪಾಠದಲ್ಲಿ ಓದಿದ ಮಕ್ಕಳಿಗೆ, ಪರಿಸಲ್ ಮತ್ತು ಹರಿಗೋಲು ಕಿವಿಗೆ ಒಂದೇ ಮನೆಯ ಮಕ್ಕಳಂತೆ ಕೇಳಿದವು.

ಒಬ್ಬ ಹುಡುಗಿ ಕವುಚಿದ ಹರಿಗೋಲನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಬುಟ್ಟಿ ತಾನೇ? ಬುಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ನೀರಿನಲ್ಲಿ ಬುಟ್ಟಿ ಹೇಗೆ ನಿಲ್ಲುತ್ತದೆ?" ಎಂದು ಕೇಳಿದಳು. ಉತ್ತರವನ್ನು ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಣ್ಣ ಹರಿಗೋಲನ್ನು ನಾವೇ ಕಟ್ಟಿ ತೋರಿಸುವುದು ಮೇಲೆಂದು ತೋರಿತು. ಶಾಲೆಯ ವಾರ್ಷಿಕೋತ್ಸವದ ದಿನ ಊರ ಕೆರೆಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿ ಪೋಷಕರ ಮುಂದೆ ತೇಲಿಸಬೇಕೆಂದೂ ಆಸೆಪಟ್ಟೆವು.

ಎಲುಬು ಮತ್ತು ತೊಗಲು

ದೋಣಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಮರವೇ ಆಕಾರವನ್ನೂ ಕೊಡುತ್ತದೆ, ನೀರನ್ನೂ ತಡೆಯುತ್ತದೆ. ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ, ಹಲಗೆ ಜೋಡಿಸಿ ಮಾಡಿದ ದೋಣಿ ಈ ಬಗೆಯವು. ಇನ್ನೊಂದರಲ್ಲಿ ಕೆಲಸ ಹಂಚಿಹೋಗಿದೆ. ಒಳಗಿನ ಹಂದರ ಆಕಾರ ಕೊಡುತ್ತದೆ, ಭಾರ ಹೊರುತ್ತದೆ. ಹೊರಗಿನ ಹೊದಿಕೆ ನೀರನ್ನು ತಡೆಯುತ್ತದೆ. ನಮ್ಮ ದೇಹದ ಹಾಗೆಯೇ. ಎಲುಬು ನಿಲ್ಲಿಸುತ್ತದೆ, ತೊಗಲು ಕಾಯುತ್ತದೆ. ಹರಿಗೋಲು ಈ ಎರಡನೆಯ ಜಾತಿಗೆ ಸೇರಿದ್ದು. ಹುಡುಗಿಯ ಪ್ರಶ್ನೆಗೆ ಉತ್ತರವೂ ಇದೇ. ಬುಟ್ಟಿ ನೀರನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಅದು ತೊಗಲಿನ ಕೆಲಸ.

ಈ ಯುಕ್ತಿ ಬಹಳ ಹಳೆಯದು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡನೆಯ ದೋಣಿಗಳ ವಿಷಯ ಬರೆದಿದ್ದಾನೆ. ನೀರವಂಜಿ ಮರದ ಕಡ್ಡಿಗಳ ಹಂದರಕ್ಕೆ ಚರ್ಮ ಹೊದಿಸಿ, ಸರಕು ತುಂಬಿ, ಜೊತೆಗೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ವರ್ತಕರು ಹೊಳೆಯ ಕೆಳಗೆ ಬರುತ್ತಿದ್ದರಂತೆ. ಊರು ಸೇರಿದ ಮೇಲೆ ಹಂದರವನ್ನು ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಬೆನ್ನಿಗೆ ಹೇರಿ ಮನೆಗೆ ಹಿಂದಿರುಗುತ್ತಿದ್ದರು. ಕಡ್ಡಿ ಎಲ್ಲಿಯಾದರೂ ಸಿಗುತ್ತದೆ, ಚರ್ಮ ಬೆಲೆಬಾಳುವ ವಸ್ತು ಎಂಬ ಲೆಕ್ಕ ಅವರದು. ನಮ್ಮ ನಾಡಿಗೆ ಬಂದರೆ, 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರು. ದೋಣಿ ನೆಟ್ಟಗೆ ಹೋಗದೆ ಸದಾ ಗಿರಗಿರನೆ ತಿರುಗುತ್ತಿತ್ತು ಎನ್ನುತ್ತಾನೆ. ಇಂದು ಹಂಪೆಗೆ ಹೋದವರೂ ಅದನ್ನೇ ಕಾಣುತ್ತಾರೆ. 1803ರ ಮರಾಠಾ ಯುದ್ಧದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯವನ್ನು ಹೊಳೆ ದಾಟಿಸಲು ಇಂಥ ಬುಟ್ಟಿ ದೋಣಿಗಳನ್ನೇ ಮಾಡಿಸಿದ. ಮದ್ರಾಸ್ ಪ್ರಾಂತ್ಯದಲ್ಲಿ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆಯೇ 1933ರಲ್ಲಿ ಒಂದು ಲೇಖನ ಬರೆದರು.

ಇದೇ ಜಾತಿಯ ದೂರದ ನೆಂಟ ಉತ್ತರ ಧ್ರುವದ ಬಳಿಯ ಇನ್ಯೂಟ್ ಜನರ ಕಯಾಕ್. ಅದು ದುಂಡಗಲ್ಲ, ಮೀನಿನಂತೆ ಉದ್ದ. ಅಲ್ಲಿ ಮರ ಬೆಳೆಯುವುದಿಲ್ಲ. ಸಮುದ್ರ ದಡಕ್ಕೆ ತಂದು ಹಾಕಿದ ತೇಲುಮರವನ್ನು ಆಯ್ದು ಹಂದರ ಕಟ್ಟಿ, ಪ್ರಾಣಿಗಳ ನರದಿಂದ ಬಿಗಿದು, ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಕಾವೇರಿಯ ಅಂಬಿಗನಿಗೆ ಬಿದಿರು ಸಿಕ್ಕಿತು, ಅವರಿಗೆ ತೇಲುಮರ ಸಿಕ್ಕಿತು. ಇಬ್ಬರೂ ಕೈಗೆ ಸಿಕ್ಕಿದ್ದನ್ನು ಸುಮ್ಮನೆ ಬಳಸಲಿಲ್ಲ, ಅದರ ಗುಣವನ್ನು ಅರಿತು ಬಳಸಿದರು. ಸಾಮಗ್ರಿಯನ್ನು ಆರಿಸುವುದೆಂದರೆ ಇದೇ.

ಬಿದಿರಿನ ಆಯ್ಕೆ

ಹಂದರಕ್ಕೆ ಬೇಕಾದ ಗುಣಗಳು ಮೂರು: ಬಾಗಬೇಕು, ಮುರಿಯಬಾರದು, ಹಗುರವಾಗಿರಬೇಕು. ಈ ಮೂರೂ ಬಿದಿರಿನಲ್ಲಿ ಒಟ್ಟಿಗೆ ಇವೆ. ಬಿದಿರಿನ ಅಡ್ಡಸೀಳನ್ನು ಗಮನವಿಟ್ಟು ನೋಡಿ. ಒಳಭಾಗದಲ್ಲಿ ನಾರುಗಳು ವಿರಳ, ಹೊರಸಿಪ್ಪೆಯ ಕಡೆಗೆ ಬಂದಂತೆ ಒತ್ತೊತ್ತು. ಶಕ್ತಿಯೆಲ್ಲ ಹೊರಸಿಪ್ಪೆಯ ಹತ್ತಿರವೇ ಇದೆ. ಆದ್ದರಿಂದ ದಬ್ಬೆಯನ್ನು ಬಾಗಿಸುವಾಗ ಹಸುರು ಹೊಳಪಿನ ಮೈ ಹೊರಕ್ಕೆ ಬರುವಂತೆ ಬಾಗಿಸಬೇಕು. ಬಾಗಿದಾಗ ಹೊರಮೈ ಎಳೆತಕ್ಕೆ ಸಿಕ್ಕುತ್ತದೆ; ಎಳೆತವನ್ನು ತಡೆಯಬಲ್ಲ ನಾರು ಅಲ್ಲಿಯೇ ಇರುತ್ತದೆ. ಇನ್ನೊಂದು ಲಾಭವೂ ಉಂಟು. ನುಣುಪಾದ ಮೈ ಹೊರಗಿದ್ದರೆ ಮೇಲೆ ಹೊದಿಸುವ ತೊಗಲು ಉಜ್ಜಿ ಸವೆಯುವುದಿಲ್ಲ.

ನಮ್ಮ ಕಡೆ ಸಿಗುವ ಬಿದಿರಿನಲ್ಲಿ ಎರಡು ಬಗೆ ಮುಖ್ಯವಾದವು. ಮುಳ್ಳಿನ ಹೆಬ್ಬಿದಿರು ದಪ್ಪವಾಗಿ, ಎತ್ತರವಾಗಿ ಬೆಳೆಯುತ್ತದೆ; ಉದ್ದನೆಯ ದಬ್ಬೆ ಸೀಳಲು ಅನುಕೂಲ. ಕಿರುಬಿದಿರು ಸಣ್ಣದು, ಒಳಗೆ ಟೊಳ್ಳು ಬಹಳ ಕಡಿಮೆ, ಬಲು ಗಟ್ಟಿ. ಅಂಚಿನ ಬಳೆಗೆ, ಹುಟ್ಟಿನ ಹಿಡಿಗೆ ತಕ್ಕದ್ದು. ನಾವು ಎರಡನ್ನೂ ಬಳಸಿದೆವು.

ಎಳೆಯ ಬಿದಿರು ಸುಲಭವಾಗಿ ಬಾಗುತ್ತದೆಂದು ಅದನ್ನೇ ತರುವವರುಂಟು. ಅದು ಒಣಗಿದಾಗ ಸುಕ್ಕಿ ಹೋಗುತ್ತದೆ, ಬೇಗ ಹುಳು ಹಿಡಿಯುತ್ತದೆ. ಮೂರು ನಾಲ್ಕು ವರ್ಷ ಬಲಿತ ಗಳುವೇ ಬೇಕು. ಗುರುತು ಹಿಡಿಯುವುದು ಕಷ್ಟವಲ್ಲ. ಎಳೆಯ ಗಳುವಿನ ಗೆಣ್ಣಿನಲ್ಲಿ ಹಾಳೆ ಇನ್ನೂ ಅಂಟಿರುತ್ತದೆ, ಮೈಮೇಲೆ ಬಿಳಿಯ ಬೂದಿ ಇರುತ್ತದೆ. ಬಲಿತ ಗಳುವಿನ ಮೈಯಲ್ಲಿ ಅಲ್ಲಲ್ಲಿ ಕಲ್ಲುಹೂವಿನ ಮಚ್ಚೆ ಕಾಣುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಟಣ್ ಎನ್ನುತ್ತದೆ.

ಕಡಿಯುವ ಕಾಲವೂ ಮುಖ್ಯ. ಬಿದಿರಿನೊಳಗಿನ ಪಿಷ್ಟವೇ ಕೊರೆಯುವ ಹುಳುವಿನ ಊಟ. ಮಳೆಗಾಲ ಮುಗಿದ ಮೇಲೆ ಬರುವ ಒಣಹವೆಯ ತಿಂಗಳುಗಳಲ್ಲಿ ಕಡಿದರೆ ಹುಳುವಿನ ಕಾಟ ಕಡಿಮೆ. ಕಡಿದ ಗಳುವನ್ನು ಎರಡು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಮೇದಾರರು ತಲೆತಲಾಂತರದಿಂದ ಮಾಡುತ್ತ ಬಂದ ಈ ಕೆಲಸದ ಹಿಂದೆ ಇರುವುದು ನೀವು ವಿಜ್ಞಾನದ ಪಾಠದಲ್ಲಿ ಓದಿದ ಪಿಷ್ಟವೇ. ಅಯೋಡಿನ್ ಹನಿ ಹಾಕಿ ನೀವೂ ಪರೀಕ್ಷಿಸಬಹುದು; ನೆನೆಯದ ಬಿದಿರಿನ ಚೂರು ನೆನೆದ ಚೂರಿಗಿಂತ ಹೆಚ್ಚು ನೀಲಿಯಾಗಬೇಕು.

ಬಿದಿರನ್ನು ಎಲ್ಲಿಂದ ತರಬೇಕು ಎಂಬುದನ್ನೂ ಹೇಳಬೇಕು. ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡಿನ ಬಿದಿರು ಆನೆಗಳ ಆಹಾರ; ಅದನ್ನು ಅನುಮತಿಯಿಲ್ಲದೆ ಕಡಿಯುವುದು ಅಪರಾಧ. ಹೊಲದ ಬದುವಿನಲ್ಲಿ, ಸ್ವಂತ ತೋಟದಲ್ಲಿ ಬೆಳೆದ ಬಿದಿರಿನ ಮಾತು ಬೇರೆ. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತ್ತು. ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲು. 2017ರ ತಿದ್ದುಪಡಿಯಿಂದ ಬಿದಿರು ಆ ಸಾಲಿನಿಂದ ಹೊರಬಂದಿತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಡಿಯಲು ರೈತನಿಗಿದ್ದ ತೊಡಕು ಕಳೆಯಿತು. ನಮಗೆ ಬೇಕಾದ ಆರು ಗಳುಗಳನ್ನು ಒಬ್ಬ ಪೋಷಕರು ತಮ್ಮ ತೋಟದಿಂದಲೇ ಕೊಟ್ಟರು.

ಮೊಳೆಯೋ, ಕಟ್ಟೋ?

ಇಲ್ಲಿ ನಮ್ಮ ಮೊದಲನೆಯ ತಪ್ಪು. ನೆಲದ ಮೇಲೆ ದಬ್ಬೆಗಳನ್ನು ಹಾಸಿ, ಒಂದರ ಮೇಲೊಂದು ಅಡ್ಡಡ್ಡವಾಗಿ ಹೆಣೆದು, ತಳವನ್ನು ಮಾಡಿದ್ದಾಯಿತು. ಆಮೇಲೆ ದಬ್ಬೆಗಳ ತುದಿಯನ್ನು ಮೇಲಕ್ಕೆ ಬಾಗಿಸಿ ಅಂಚಿನ ಬಳೆಗೆ ಸೇರಿಸಬೇಕು. ಬೇಗ ಮುಗಿಯಲೆಂದು ನಾವು ಮೊಳೆ ಹೊಡೆದೆವು. ಬಿದಿರಿನ ನಾರು ಎಲ್ಲವೂ ಒಂದೇ ದಿಕ್ಕಿಗೆ ಹರಿಯುತ್ತದೆ. ಮೊಳೆ ನಾರುಗಳ ನಡುವೆ ಬೆಣೆಯಂತೆ ಇಳಿದು ದಬ್ಬೆಯನ್ನು ಸೀಳಿತು. ಸೀಳದೆ ಉಳಿದ ಕಡೆ ಮೊಳೆಯ ತುದಿ ಹೊರಗೆ ಇಣುಕಿ, ನಾಳೆ ತೊಗಲನ್ನು ಹರಿಯಲು ಕಾದು ಕುಳಿತಿತ್ತು. ನೀರು ತಗುಲಿದ ಮೇಲೆ ತುಕ್ಕು ಬೇರೆ.

ಎಲ್ಲವನ್ನೂ ಕಿತ್ತು, ಹುರಿಯಿಂದ ಕಟ್ಟಿದೆವು. ಕಟ್ಟಿದ ಕೀಲಿಗೆ ಒಂದು ದೊಡ್ಡ ಗುಣವಿದೆ: ಅದು ಸ್ವಲ್ಪ ಅಲ್ಲಾಡುತ್ತದೆ. ಹರಿಗೋಲು ಬಂಡೆಗೆ ತಾಗಿದಾಗ ಹಂದರ ಒಂದಿಷ್ಟು ಬಾಗಿ, ಪೆಟ್ಟನ್ನು ಹತ್ತು ಕಡೆಗೆ ಹಂಚಿ, ಮತ್ತೆ ಮೊದಲಿನಂತಾಗುತ್ತದೆ. ಮೊಳೆ ಹೊಡೆದ ಕೀಲು ಪೆಟ್ಟನ್ನೆಲ್ಲ ತಾನೊಂದೇ ನುಂಗಿ ಒಡೆಯುತ್ತದೆ. ಇನ್ಯೂಟರು ಕಯಾಕಿನ ಕೀಲುಗಳನ್ನು ಬಿಗಿದು ಕಟ್ಟುತ್ತಿದ್ದುದರಿಂದಲೂ ಇದೇ ಪ್ರಯೋಜನ.

ಹುರಿಯಲ್ಲಿಯೂ ಆಯ್ಕೆಯಿದೆ. ತೆಂಗಿನ ನಾರಿನ ಹುರಿ ನೀರಿಗೆ ಜಗ್ಗುವುದಿಲ್ಲ, ಗಂಟು ಜಾರುವುದಿಲ್ಲ, ಆದರೆ ದಪ್ಪ. ಕತ್ತಾಳೆ ನಾರು ಬಲವಾದದ್ದು, ಆದರೆ ಸದಾ ತೇವದಲ್ಲಿದ್ದರೆ ಕೊಳೆಯುತ್ತದೆ. ನೈಲಾನ್ ಹುರಿ ಕೊಳೆಯುವುದಿಲ್ಲ, ತೆಳ್ಳಗಿದ್ದರೂ ಗಟ್ಟಿ. ಆದರೆ ನುಣುಪಾದ್ದರಿಂದ ಗಂಟು ಜಾರುತ್ತದೆ, ಬಿಸಿಲಿಗೆ ವರ್ಷಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ನಾವು ಅಂಚಿಗೆ ತೆಂಗಿನ ಹುರಿಯನ್ನೂ, ಒಳಗಿನ ಸಣ್ಣ ಕಟ್ಟುಗಳಿಗೆ ಎರಡು ಗಂಟು ಹಾಕಿ ನೈಲಾನ್ ಹುರಿಯನ್ನೂ ಬಳಸಿದೆವು. ಕಟ್ಟುಗಳ ಗಂಟು ಒಳಮುಖವಾಗಿ ಇರಬೇಕು. ಹೊರಗಿದ್ದರೆ ತೊಗಲಿನಲ್ಲಿ ಉಬ್ಬಾಗಿ, ಅಲ್ಲಿಯೇ ಮೊದಲು ಸವೆಯುತ್ತದೆ.

ತೊಗಲಿನ ಕಥೆ

ಹಿಂದೆ ಹರಿಗೋಲಿಗೆ ಎಮ್ಮೆ ಎತ್ತುಗಳ ಚರ್ಮವನ್ನೇ ಹೊದಿಸುತ್ತಿದ್ದರು. ಚರ್ಮ ಗಟ್ಟಿ, ಬಂಡೆಗೆ ಉಜ್ಜಿದರೂ ಸುಲಭವಾಗಿ ಹರಿಯುವುದಿಲ್ಲ. ಆದರೆ ನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಮೆತ್ತಗಾಗಿ ಕೊಳೆಯುತ್ತದೆ. ಆಗಾಗ ದಡಕ್ಕೆ ತಂದು ಒಣಗಿಸಿ, ಎಣ್ಣೆ ಕೊಬ್ಬು ತಿಕ್ಕಬೇಕು. ನೀರಿನಲ್ಲಿ ಚರ್ಮ ಎಷ್ಟು ದಿನ ತಡೆದೀತು ಎಂದು ಅನುಮಾನಪಡುವವರಿಗೆ ಟಿಮ್ ಸೆವೆರಿನ್ ಎಂಬ ಸಾಹಸಿ 1976 ಮತ್ತು 1977ರಲ್ಲಿ ಉತ್ತರ ಕೊಟ್ಟ. 36 ಅಡಿ ಉದ್ದದ ಮರದ ಹಂದರಕ್ಕೆ, ಓಕ್ ಮರದ ತೊಗಟೆಯಿಂದ ಹದಮಾಡಿದ 49 ಎತ್ತಿನ ಚರ್ಮಗಳನ್ನು ಹೊಲಿದು, ಕುರಿಯ ಉಣ್ಣೆಯ ಕೊಬ್ಬನ್ನು ಬಳಿದು, ಐರ್ಲೆಂಡಿನಿಂದ ಹೊರಟು, ಐಸ್‌ಲೆಂಡಿನಲ್ಲಿ ಚಳಿಗಾಲಕ್ಕೆ ದೋಣಿಯನ್ನು ನಿಲ್ಲಿಸಿ, ಮರುವರ್ಷ ಕೆನಡಾದ ನ್ಯೂಫೌಂಡ್‌ಲೆಂಡ್ ಮುಟ್ಟಿದ. ದಾರಿಯಲ್ಲಿ ತೇಲುವ ಹಿಮಗಡ್ಡೆಗಳ ನಡುವೆ ಸಿಕ್ಕಿ ಚರ್ಮ ತೂತಾಯಿತು. ದೋಣಿಯಲ್ಲಿದ್ದವರು ಕೊರೆಯುವ ತಣ್ಣೀರಿನಲ್ಲಿ ಕೈಯಿಟ್ಟು, ಸಮುದ್ರದ ನಡುವೆಯೇ ಚರ್ಮದ ತೇಪೆಯೊಂದನ್ನು ಹೊಲಿದು ಮುಂದೆ ಸಾಗಿದರು. ಮಕ್ಕಳೇ, ಇದನ್ನು ನೆನಪಿಡಿ. ಚರ್ಮ ಅವರನ್ನು ಕಾಪಾಡಿದ್ದು ಅದು ಹರಿಯಲಿಲ್ಲವೆಂದಲ್ಲ. ಹರಿದದ್ದನ್ನು ಕೈಯಲ್ಲಿದ್ದ ಸೂಜಿದಾರದಿಂದಲೇ ಸರಿಪಡಿಸಬಹುದಾಗಿತ್ತು ಎಂದು.

ಈಗ ಹೊಗೇನಕಲ್ಲಿನಲ್ಲಿ ಚರ್ಮ ಕಾಣುವುದಿಲ್ಲ. ಅದರ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ನಾವು ಆರಿಸುವ ಮೊದಲು ನಾಲ್ಕು ಬಗೆಯ ಹೊದಿಕೆಗಳನ್ನು ತೂಗಿ ನೋಡಿದೆವು.

ಮೊದಲನೆಯದು ಹತ್ತಿಯ ದಪ್ಪ ಬಟ್ಟೆ, ಅಂದರೆ ಕ್ಯಾನ್ವಾಸ್. ಬಣ್ಣವನ್ನೂ ಡಾಂಬರನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಐರ್ಲೆಂಡಿನ ಮೀನುಗಾರರು ಚರ್ಮವನ್ನು ಬಿಟ್ಟ ಮೇಲೆ ಹಿಡಿದದ್ದು ಡಾಂಬರು ಬಳಿದ ಕ್ಯಾನ್ವಾಸನ್ನೇ. ಆದರೆ ಒಣಗಿಸದಿದ್ದರೆ ಬೂಷ್ಟು ಹಿಡಿದು ಕೊಳೆಯುತ್ತದೆ, ಬೆಲೆಯೂ ಹೆಚ್ಚು. ಎರಡನೆಯದು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ. ಈಗ ಹೊರದೇಶಗಳಲ್ಲಿ ಮನೆಯಲ್ಲೇ ಕಯಾಕ್ ಕಟ್ಟುವವರು ಹೆಚ್ಚಾಗಿ ಬಳಸುವುದು ಇವನ್ನು. ನೈಲಾನ್ ಹರಿಯುವುದು ಕಷ್ಟ, ಆದರೆ ನೀರು ಹೀರಿ ಸಡಿಲವಾಗುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ಅತ್ಯಲ್ಪ, ಬಿಸಿ ಮಾಡಿದರೆ ಸುಕ್ಕಿ ಹಂದರಕ್ಕೆ ಬಿಗಿಯಾಗಿ ಕೂರುತ್ತದೆ. ಮೂರನೆಯದು ಫೈಬರ್ ಗ್ಲಾಸ್. ಈಚೆಗೆ ಕೆಲವೆಡೆ ಹರಿಗೋಲನ್ನೇ ಫೈಬರಿನಲ್ಲಿ ಎರಕ ಹೊಯ್ಯುತ್ತಾರೆ. ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ. ಆದರೆ ಬಿರುಕು ಬಿಟ್ಟರೆ ಅದನ್ನು ಮುಚ್ಚಲು ರಾಳ, ಗಾಜಿನ ನಾರು, ಕಲಿತ ಕೈ ಎಲ್ಲವೂ ಬೇಕು. ನಾಲ್ಕನೆಯದು ಪ್ಲಾಸ್ಟಿಕ್ ನೇಯ್ಗೆಯ ಚೀಲ: ಅಕ್ಕಿ, ಸಿಮೆಂಟು, ಗೊಬ್ಬರ ತುಂಬಿ ಬರುವಂಥದು. ಅಗ್ಗ, ಎಲ್ಲಿಯೂ ಸಿಗುತ್ತದೆ, ಗೋಣಿ ಹೊಲಿಯುವ ದಬ್ಬಳದಿಂದಲೇ ಹೊಲಿಯಬಹುದು. ಬಿಸಿಲು ಅದರ ಶತ್ರು. ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟ ಚೀಲ ಬೆರಳಲ್ಲೇ ಪುಡಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಮೇಲೆ ಡಾಂಬರು ಇದ್ದರೆ ಬಿಸಿಲು ಒಳಕ್ಕೆ ತಾಗುವುದಿಲ್ಲ. ನಮ್ಮ ಕೈಗೆ, ನಮ್ಮ ಹಣಕ್ಕೆ ಒಪ್ಪಿದ್ದು ಇದೇ.

ಒಂದು ಎಚ್ಚರಿಕೆ. ನಮ್ಮ ಊರಿನ ಸುತ್ತ ಕಾರ್ಖಾನೆಗಳು ಬಹಳ. ಅಲ್ಲಿಂದ ಹೊರಬೀಳುವ ಚೀಲಗಳು ದಪ್ಪವಾಗಿ ಚೆನ್ನಾಗಿ ಕಾಣುತ್ತವೆ. ಏನು ತುಂಬಿತ್ತೆಂದು ತಿಳಿಯದ ಚೀಲವನ್ನು ಮುಟ್ಟಬೇಡಿ. ನಾವು ಅಕ್ಕಿ ಚೀಲಗಳನ್ನಷ್ಟೇ ಬಳಸಿದೆವು.

ಡಾಂಬರಿನ ಪಾಠ

ಇಲ್ಲಿ ನಮ್ಮ ಎರಡನೆಯ ತಪ್ಪು; ಇದು ಮೊದಲನೆಯದಕ್ಕಿಂತ ದೊಡ್ಡದು. ರಸ್ತೆಗೆ ಹಾಕುವ ಡಾಂಬರು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಇರಾಕಿನ ಹೊಳೆಗಳಲ್ಲಿ ಗುಫ್ಫಾ ಎಂಬ ದುಂಡು ಬುಟ್ಟಿ ದೋಣಿಗಳಿಗೆ ನೆಲದಿಂದ ಉಕ್ಕುವ ಬಿಟುಮೆನ್ನನ್ನೇ ಬಳಿಯುತ್ತಿದ್ದರು. ಅದು ನೀರಿಗೆ ಕರಗುವುದಿಲ್ಲ, ನೇಯ್ಗೆಯ ಕಣ್ಣುಗಳನ್ನೆಲ್ಲ ಮುಚ್ಚುತ್ತದೆ. ರಸ್ತೆ ಕೆಲಸಕ್ಕೆ ಅದನ್ನು ಸುಮಾರು 150ರಿಂದ 165 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸುತ್ತಾರೆ. ನೀರಿನಂತೆ ಹರಿದರೆ ಬಳಿಯುವುದು ಸುಲಭವೆಂದು ನಾವೂ ಹಾಗೆಯೇ ಚೆನ್ನಾಗಿ ಕಾಯಿಸಿ ಸುರಿದೆವು. ಚೀಲದ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ. ಹಾಳೆಗಳಿಗೆ ಬಳಸುವ ಪಾಲಿಥೀನ್ ಇನ್ನೂ ಬೇಗ. ಬಿಸಿ ಡಾಂಬರು ಬಿದ್ದ ಕಡೆ ಚೀಲದ ಎಳೆಗಳು ಸುಕ್ಕಿ ಕೂಡಿಕೊಂಡವು. ಮೇಲಿಂದ ನೋಡಿದರೆ ಎಲ್ಲ ಒಂದೇ ಕಪ್ಪು. ಒಳಗೆ ಬಟ್ಟೆಯೇ ಇಲ್ಲದ ಜಾಗಗಳು ಉಳಿದವು.

ಸರಿಯಾದ ಕ್ರಮ ಹೀಗೆ: ಡಾಂಬರು ಕರಗಿದ ಮೇಲೆ ಒಲೆಯಿಂದ ಇಳಿಸಿ, ಜೇನಿನಷ್ಟು ಗಟ್ಟಿಯಾಗುವವರೆಗೆ ಕಾಯಬೇಕು. ಚೀಲದ ಒಂದು ಚೂರಿನ ಮೇಲೆ ಮೊದಲು ಹಾಕಿ ನೋಡಬೇಕು. ಎಳೆ ಸುಕ್ಕದಿದ್ದರೆ ಹದ ಸರಿ. ಕೋಲಿಗೆ ಸುತ್ತಿದ ಬಟ್ಟೆಯಿಂದ ತೆಳ್ಳಗೆ ಬಳಿದು, ಒಣಗಿದ ಮೇಲೆ ಇನ್ನೊಂದು ಚೀಲದ ಪದರ, ಮತ್ತೆ ಡಾಂಬರು. ದಪ್ಪಗೆ ಒಂದೇ ಬಾರಿ ಹಾಕಿದರೆ ಬಿಸಿಲಿಗೆ ಜಾರುತ್ತದೆ. ರಸ್ತೆಯ ಡಾಂಬರು 50 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬೇಸಗೆಯ ಮಧ್ಯಾಹ್ನ ಕಪ್ಪು ವಸ್ತು ಅಷ್ಟು ಕಾಯುವುದು ಹೆಚ್ಚಲ್ಲ. ಆದ್ದರಿಂದಲೇ ಕವುಚಿದ ಹರಿಗೋಲುಗಳಿಗೆ ನೆರಳು ಬೇಕು. ಕಲ್ಲಿದ್ದಲಿನಿಂದ ಬರುವ ಕೀಲು ಬೇರೆ ವಸ್ತು. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ, ಅದನ್ನು ಬಳಸಬಾರದು. ಡಾಂಬರನ್ನು ತೆಳು ಮಾಡಲು ಒಲೆಯ ಬಳಿ ಸೀಮೆಎಣ್ಣೆ ಬೆರೆಸುವುದು ಬೆಂಕಿಯನ್ನು ಕರೆದಂತೆ. ಕಾಯಿಸುವ, ಬಳಿಯುವ ಕೆಲಸವನ್ನು ನಾವು ದೊಡ್ಡವರೇ ಮಾಡಿದೆವು. ಮಕ್ಕಳನ್ನು ದೂರ ನಿಲ್ಲಿಸಿದ್ದೆವು. ಮನೆಯಲ್ಲಿ ಯಾರೂ ಇದನ್ನು ಒಬ್ಬರೇ ಮಾಡಲು ಹೋಗಕೂಡದು.

ಎಷ್ಟು ಭಾರ ಹೊರುತ್ತದೆ?

ನಮ್ಮ ಹರಿಗೋಲಿನ ಅಡ್ಡಳತೆ 1.2 ಮೀಟರ್. ಆರ್ಕಿಮಿಡೀಸನ ತತ್ತ್ವವನ್ನು ಇಲ್ಲಿ ಲೆಕ್ಕಕ್ಕೆ ಇಳಿಸೋಣ. ತಳದ ವಿಸ್ತೀರ್ಣ 3.14 × 0.6 × 0.6, ಅಂದರೆ ಸುಮಾರು 1.13 ಚದರ ಮೀಟರ್. ತಳ ಪೂರ್ತಿ ಸಮತಟ್ಟಾಗಿದ್ದು ನೀರಿನಲ್ಲಿ 10 ಸೆಂಟಿಮೀಟರ್ ಇಳಿದರೆ ಪಕ್ಕಕ್ಕೆ ಸರಿಯುವ ನೀರು 113 ಲೀಟರ್, ಅಂದರೆ 113 ಕಿಲೋಗ್ರಾಂ. ನಮ್ಮದು ಬೋಗುಣಿಯಂತೆ ಇರುವುದರಿಂದ ಮುಕ್ಕಾಲು ಪಾಲು ಹಿಡಿಯೋಣ: ಸುಮಾರು 85. ಹರಿಗೋಲಿನದೇ ತೂಕ 15 ಕಿಲೋಗ್ರಾಂ ಕಳೆದರೆ 70 ಉಳಿಯಿತು. 35 ಕಿಲೋಗ್ರಾಂ ತೂಕದ ಇಬ್ಬರು ಮಕ್ಕಳು.

ಅಡ್ಡಳತೆಯನ್ನು ಎರಡರಷ್ಟು, ಅಂದರೆ 2.4 ಮೀಟರ್ ಮಾಡಿದರೆ ಭಾರವೂ ಎರಡರಷ್ಟು ಹೊರುತ್ತದೆಯೇ? ಇಲ್ಲ, ನಾಲ್ಕರಷ್ಟು, ವಿಸ್ತೀರ್ಣ ತ್ರಿಜ್ಯದ ವರ್ಗದಂತೆ ಬೆಳೆಯುತ್ತದೆ. ಆದರೆ ಬಾಗುವ ದಬ್ಬೆಯ ಉದ್ದವೂ ಹೆಚ್ಚುವುದರಿಂದ ತಳಕ್ಕೆ ಇನ್ನೂ ಒತ್ತಾದ ಹೆಣಿಗೆ ಬೇಕು. ಇನ್ನೊಂದು ಮಾತು: ಈ ಲೆಕ್ಕ ಎಲ್ಲರೂ ಅಲ್ಲಾಡದೆ ಕುಳಿತಾಗ ಮಾತ್ರ ಸರಿ. ಒಬ್ಬ ಎದ್ದು ನಿಂತು ಒಂದು ಕಡೆ ವಾಲಿದರೆ ಆರ್ಕಿಮಿಡೀಸ್ ಸಹಾಯಕ್ಕೆ ಬರುವುದಿಲ್ಲ.

ಹೆಬ್ಬೆರಳಿನ ಪರೀಕ್ಷೆ

ವಾರ್ಷಿಕೋತ್ಸವಕ್ಕೆ ಮೂರು ದಿನವಿತ್ತು. ಹರಿಗೋಲು ಕಪ್ಪಗೆ ಹೊಳೆಯುತ್ತಿತ್ತು. ಕೂರುವ ಇಬ್ಬರು ಮಕ್ಕಳ ಪೋಷಕರ ಒಪ್ಪಿಗೆ ಕೇಳಿದೆವು. ಅವರಲ್ಲಿ ಒಬ್ಬ ಹುಡುಗನ ತಂದೆ ಅಣೆಕಟ್ಟೆಯಲ್ಲಿ ಹರಿಗೋಲಿನಿಂದ ಮೀನು ಹಿಡಿಯುವವರು. ಕಾಗದಕ್ಕೆ ಸಹಿ ಹಾಕುವ ಮೊದಲು ಶಾಲೆಗೆ ಬಂದರು. ಹರಿಗೋಲನ್ನು ಕವುಚಿ ಹಾಕಿಸಿ, ಹೆಬ್ಬೆರಳಿನಿಂದ ತಳವನ್ನು ಒಂದೊಂದೇ ಗೇಣು ಒತ್ತುತ್ತ ಸುತ್ತ ನಡೆದರು. ಒಂದು ಕಡೆ ನಿಂತರು. ಬೆರಳು ಒಳಕ್ಕೆ ಇಳಿಯಿತು. "ಇಲ್ಲಿ ಬಟ್ಟೆ ಇಲ್ಲ, ಬರೀ ಡಾಂಬರು" ಎಂದರು. ಅಂಥ ಜಾಗ ಆರು ಸಿಕ್ಕವು. "ನನ್ನ ಮಗನನ್ನು ಇದರಲ್ಲಿ ಕೂರಿಸುವುದಿಲ್ಲ; ಬೇರೆಯವರ ಮಕ್ಕಳನ್ನೂ ಕೂರಿಸಬೇಡಿ" ಎಂದು ಹೇಳಿ ಕಾಗದವನ್ನು ಹಾಗೆಯೇ ಹಿಂದಿರುಗಿಸಿದರು.

ನಮಗೆ ಮೊದಲು ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿಹೋಗಿತ್ತು. ಆ ಸಂಜೆ ಮರಳಿನ ಚೀಲ 70 ಕಿಲೋಗ್ರಾಂ ತುಂಬಿ, ಕೆರೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ತೇಲಿಸಿದೆವು. ಒಂದು ಗಂಟೆಯಲ್ಲಿ ಒಳಗೆ ನಾಲ್ಕು ಬೆರಳು ನೀರು. ಮಧ್ಯ ಕೆರೆಯಲ್ಲಿ ಇಬ್ಬರು ಮಕ್ಕಳಿದ್ದಾಗ ಹೀಗಾಗಿದ್ದರೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ವಾರ್ಷಿಕೋತ್ಸವದಲ್ಲಿ ಆ ಕಾರ್ಯಕ್ರಮ ನಡೆಯಲಿಲ್ಲ.

ಜೂನ್ ತಿಂಗಳಲ್ಲಿ ಅದೇ ತಂದೆ ಎರಡು ಭಾನುವಾರ ಬಂದು, ಹಳೆಯ ತೊಗಲನ್ನು ಕೀಳಿಸಿ, ಹೊಸ ಚೀಲಗಳನ್ನು ಮಕ್ಕಳಿಂದ ಹೊಲಿಸಿ, ಹದವಾದ ಡಾಂಬರನ್ನು ತಾವೇ ಬಳಿದರು. "ಫೈಬರಿನದು ಗಟ್ಟಿಯಲ್ಲವೇ, ಅದನ್ನೇಕೆ ಕೊಳ್ಳಲಿಲ್ಲ?" ಎಂದು ಒಬ್ಬ ಹುಡುಗ ಕೇಳಿದ. "ಅದು ಒಡೆದರೆ ನಾನು ಅಂಗಡಿಗೆ ಹೋಗಬೇಕು. ಇದು ಹರಿದರೆ ದಡದಲ್ಲೇ ಹೊಲಿದುಕೊಳ್ಳುತ್ತೇನೆ. ಎಲ್ಲಿ ಹರಿಯಬಹುದೆಂದು ಬೆರಳಿಗೆ ಮೊದಲೇ ಗೊತ್ತಾಗುತ್ತದೆ" ಎಂದರು. ಅದು ಅವರ ಕಸುಬಿಗೆ ತಕ್ಕ ಉತ್ತರ. ಫೈಬರನ್ನು ಸರಿಪಡಿಸಬಲ್ಲವನಿಗೆ ಫೈಬರೂ ಒಳ್ಳೆಯದೇ ಆದೀತು. ಮುಖ್ಯವಾದದ್ದು, ನಮ್ಮ ಜೀವವನ್ನು ಯಾವ ವಸ್ತುವಿನ ಮೇಲೆ ಇಡುತ್ತೇವೆಯೋ ಅದರ ದೌರ್ಬಲ್ಯ ನಮಗೆ ತಿಳಿದಿರಬೇಕು, ಅದನ್ನು ಪರೀಕ್ಷಿಸಲು ನಮ್ಮ ಕೈಗೆ ಬರಬೇಕು. ಎಂದೂ ಕೆಡದ ಸಾಮಗ್ರಿ ಲೋಕದಲ್ಲಿಲ್ಲ. ಕೆಡುವ ಮೊದಲು ಹೇಳುವ, ಕೆಟ್ಟ ಮೇಲೆ ಸರಿಹೋಗುವ ಸಾಮಗ್ರಿಯೇ ಒಳ್ಳೆಯ ಸಾಮಗ್ರಿ.

ಹೊಸ ತೊಗಲಿನ ಹರಿಗೋಲನ್ನು ಮರಳು ತುಂಬಿ ಒಂದು ರಾತ್ರಿಯಿಡೀ ನೀರಿನಲ್ಲಿ ಬಿಟ್ಟೆವು. ಬೆಳಿಗ್ಗೆ ಒಳಗೆ ಒಣಗಿಯೇ ಇತ್ತು. ಆಮೇಲೆ, ಜೀವರಕ್ಷಕ ಅಂಗಿ ತೊಡಿಸಿ, ಹಗ್ಗ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿಯೇ ಇಬ್ಬಿಬ್ಬರಂತೆ ಮಕ್ಕಳನ್ನು ಕೂರಿಸಿದೆವು. ಮೊದಲು ಕುಳಿತವನು ಆ ಮೀನುಗಾರರ ಮಗ. ಈ ಬಾರಿ ಕಾಗದಕ್ಕೆ ಸಹಿ ಬಿದ್ದಿತ್ತು.

ಪೋಷಕರಲ್ಲಿ ಒಂದು ಬಿನ್ನಹ. ರಜೆಯಲ್ಲಿ ಹೊಗೇನಕಲ್ಲಿಗೋ ತಲಕಾಡಿಗೋ ಹೋದಾಗ ಮಕ್ಕಳಿಗೆ ಜೀವರಕ್ಷಕ ಅಂಗಿ ತೊಡಿಸದೆ ಹರಿಗೋಲು ಹತ್ತಿಸಬೇಡಿ. ಗಡಿಯ ಬಿಳಿಗುಂಡ್ಲುವಿನಲ್ಲಿ ಕಾವೇರಿಯ ಹರಿವನ್ನು ಅಳೆಯುತ್ತಾರೆ. ನೀರು ಏರಿದಾಗ ಹೊಗೇನಕಲ್ಲಿನಲ್ಲಿ ಹರಿಗೋಲುಗಳನ್ನು ನಿಲ್ಲಿಸಿಬಿಡುತ್ತಾರೆ. ಅಷ್ಟು ದೂರ ಬಂದು ಹಾಗೇ ಹೋಗಬೇಕೆ ಎಂದು ಅಂದು ಒತ್ತಾಯ ಮಾಡಬೇಡಿ. ಬೇಡವೆನ್ನುವವನು ನೀರನ್ನೂ ತನ್ನ ದೋಣಿಯನ್ನೂ ಬಲ್ಲವನು.

ವಿದ್ಯಾರ್ಥಿಗಳೇ, ನಮ್ಮ ಹರಿಗೋಲು ಈಗ ಶಾಲೆಯ ಬೇವಿನ ಮರದ ನೆರಳಿನಲ್ಲಿ ಕವುಚಿ ಬಿದ್ದಿದೆ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಇನ್ನೊಂದು ಕೈ ಡಾಂಬರು ಬೇಕು. ಈ ವರ್ಷ ಒಂಬತ್ತನೆಯ ತರಗತಿಗೆ ಬರುವವರು ಮೊದಲು ಹೆಬ್ಬೆರಳಿನಿಂದ ಒಂದು ಸುತ್ತು ಒತ್ತಿ ನೋಡಿ ಬನ್ನಿ. ಮೆತ್ತಗಿರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಉಳಿದ ಕೆಲಸವನ್ನು ಒಟ್ಟಿಗೆ ಮಾಡೋಣ.